ಇತಿಹಾಸದ ವ್ಯಾಸಂಗವೂ ಅಂಕಗಳ ಗಣನೆಯೂ

ಇಂಟರ್ಮೀಡಿಯೆಟ್ ಪರೀಕ್ಷೆ ಮುಗಿದೊಡನೆಯೆ ಕೊತ್ತಪಲ್ಲಿಯಂತಹ ನಮ್ಮ ಊರುಗಳ ಮನೆಗಳಲ್ಲಿ ಒಂದು ಚಿಂತೆ ತಲೆದೋರುವುದು. ಮಗಳನ್ನು ದಿನವೂ ಬಸ್ಸಿನಲ್ಲಿ ದೂರದ ಕಾಲೇಜಿಗೆ ಕಳುಹಿಸಬೇಕೆ? ಮಗನು ಹೊರಟುಹೋದರೆ ಹೊಲದ ಕೆಲಸಕ್ಕೆ ಯಾರು? ಇಂತಹ ಮನೆಗಳಿಗೆ ಈಗ ಇನ್ನೊಂದು ದಾರಿ ತೆರೆದಿದೆ. ಅದೇ ಮನೆಯಲ್ಲಿಯೇ ಕುಳಿತು, ತನ್ನ ಬಿಡುವಿಗೆ ತಕ್ಕಂತೆ ಅಂತರ್ಜಾಲದ ಮೂಲಕ ನಡೆಸುವ ವ್ಯಾಸಂಗ. “ಮೊಬೈಲಿನಲ್ಲಿ ಓದುವುದೂ ಒಂದು ಓದೇ?” ಎಂದು ತಾಯ್ತಂದೆಗಳು ಶಂಕಿಸುತ್ತಾರೆ. “ಕೇಳುವವರಿಲ್ಲ, ಆದುದರಿಂದ ಸುಲಭ” ಎಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ಇವೆರಡೂ ಸರಿಯಲ್ಲ. ಇತಿಹಾಸ ವಿಷಯವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವ್ಯಾಸಂಗದ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದೇಶದ ಮೊದಲನೆಯ ಮುಕ್ತ ವಿಶ್ವವಿದ್ಯಾಲಯವು 1982ರಲ್ಲಿ ನಮ್ಮ ಹೈದರಾಬಾದಿನಲ್ಲಿಯೇ ಸ್ಥಾಪಿತವಾಯಿತು. ಅದು ಈಗ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನು ಹೊತ್ತಿದೆ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಹುಟ್ಟಿತು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಅಂತರ್ಜಾಲ ಪಾಠಶಾಲೆಯು 2017ನೆಯ ಇಸವಿ ಜುಲೈ 9ರಂದು ಆರಂಭವಾಯಿತು. ‘ಸ್ವಯಂ’ನಲ್ಲಿ ಪಾಠ ಕೇಳಲು ಹಣ ಕೊಡಬೇಕಾಗಿಲ್ಲ, ಪ್ರಮಾಣಪತ್ರ ಬೇಕೆನ್ನುವವರು ಪರೀಕ್ಷೆಯ ಶುಲ್ಕವನ್ನು ಮಾತ್ರ ತೆರುತ್ತಾರೆ.

ಅಲ್ಲಿಯ ಪಾಠಕ್ಕೆ ನಾಲ್ಕು ಅಂಗಗಳು: ದೃಶ್ಯರೂಪದ ಉಪನ್ಯಾಸ, ಓದುವ ಪಾಠ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹಗಳನ್ನು ಕೇಳುವ ಚರ್ಚಾ ವೇದಿಕೆ. ಉಪನ್ಯಾಸವನ್ನು ಹೊಲಕ್ಕೆ ಹೋಗುವ ಮುನ್ನ ಬೆಳಗಿನ ಜಾವದಲ್ಲಿಯೂ ಕೇಳಬಹುದು, ರಾತ್ರಿಯೂ ಕೇಳಬಹುದು; ತಿಳಿಯದಿದ್ದರೆ ಮತ್ತೊಮ್ಮೆ ಕೇಳಬಹುದು. ಆದರೆ ಈ ಸ್ವಾತಂತ್ರ್ಯಕ್ಕೆ ಒಂದು ಎಲ್ಲೆಯುಂಟು. ಅಸೈನ್‌ಮೆಂಟ್ ಎಂಬ ಮನೆಬರಹವನ್ನು ಒಪ್ಪಿಸಲು ಕಡೆಯ ದಿನವೊಂದು ಗೊತ್ತಾಗಿರುತ್ತದೆ.

ಕಾಲದ ಲೆಕ್ಕವನ್ನು ನೋಡೋಣ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. ಆರು ಕ್ರೆಡಿಟ್‌ಗಳ ಒಂದು ಇತಿಹಾಸ ಪತ್ರಿಕೆಗೆ 180 ಗಂಟೆಗಳು ಬೇಕಾಗುವುವು. ದಿನಕ್ಕೆ ಒಂದು ಗಂಟೆಯಂತೆ ಓದಿದರೆ ಆರು ತಿಂಗಳಲ್ಲಿ ಮುಗಿಯುವುದು. ಎಲ್ಲವನ್ನೂ ಕೊನೆಯ ತಿಂಗಳಿಗೆ ತಳ್ಳಿದವನು ದಿನಕ್ಕೆ ಆರು ಗಂಟೆ ಓದಬೇಕು. ದುಡಿಯುವ ಮನೆಯಲ್ಲಿ ಅದು ಸಾಧ್ಯವೆ?

ಇನ್ನು ಅಂಕಗಳ ವಿಚಾರ. ‘ಸ್ವಯಂ’ನಲ್ಲಿಯೂ ಮೇಲೆ ಹೇಳಿದ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಸಾಮಾನ್ಯವಾಗಿ ನೂರಕ್ಕೆ 30 ಪಾಲು ಮನೆಬರಹಕ್ಕೆ, 70 ಪಾಲು ಅಂತಿಮ ಪರೀಕ್ಷೆಗೆ ಮೀಸಲು. ಪರೀಕ್ಷೆಯು ಮನೆಯಲ್ಲಲ್ಲ, ಮೇಲ್ವಿಚಾರಕರಿರುವ ಕೇಂದ್ರದಲ್ಲಿ ನಡೆಯುವುದು. ಇಬ್ಬರು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ನೂರಕ್ಕೆ 50ರಂತೆ ಪಡೆದರೆನ್ನಿ. ಇಬ್ಬರಿಗೂ 35 ಸೇರಿತು. ಮನೆಬರಹದಲ್ಲಿ ಒಬ್ಬಳಿಗೆ ನೂರಕ್ಕೆ 80 ಬಂದಿತ್ತು, ಅವಳಿಗೆ 24 ಸೇರಿ 59 ಆಯಿತು. ಇನ್ನೊಬ್ಬನಿಗೆ 20 ಮಾತ್ರ ಬಂದಿತ್ತು, ಅವನಿಗೆ 6 ಸೇರಿ 41 ಆಯಿತು. ಪರೀಕ್ಷೆಯ ದಿನ ಇಬ್ಬರೂ ಸಮಾನರೇ; ಅಂತರವು ಹುಟ್ಟಿದ್ದು ಮನೆಯ ಮೇಜಿನ ಮೇಲೆ.

ಇತಿಹಾಸದ ಬರಹಕ್ಕೆ ಅಂಕ ದೊರೆಯುವುದು ಯಾವುದಕ್ಕೆ? ಇಸವಿಗಳನ್ನು ಕಂಠಪಾಠ ಮಾಡಿದುದಕ್ಕೆ ಮಾತ್ರವಲ್ಲ. ಕೃಷ್ಣೆಯ ಆಚೆಯ ಮಸ್ಕಿಯನ್ನು ನೆನೆಯಿರಿ. 1956ರವರೆಗೆ ಮಕ್ತಲ್, ಗದ್ವಾಲಗಳೂ ಮಸ್ಕಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದುವು. “ಮಸ್ಕಿಯ ಶಾಸನದ ಮಹತ್ವವೇನು?” ಎಂಬುದು ಪ್ರಶ್ನೆಯಾಗಿರಲಿ. “ಅದು 1915ರಲ್ಲಿ ದೊರೆತ ಅಶೋಕನ ಶಾಸನ” ಎಂದು ಬರೆದವನು ಸಂಗತಿಯನ್ನು ಹೇಳಿದನು. ಅವನಿಗೆ ಸ್ವಲ್ಪ ಅಂಕ ಸಲ್ಲುವುದು. “ಅಶೋಕನು ಮಹಾಪುರುಷನು” ಎಂದು ಪುಟ ತುಂಬಿಸಿದವನು ಪ್ರಶ್ನೆಯನ್ನೇ ಮುಟ್ಟಲಿಲ್ಲ. ಮೂರನೆಯವಳು ಹೀಗೆ ಬರೆಯುತ್ತಾಳೆ: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಆತನಿಗೆ ದೊರೆತ ಶಾಸನಗಳಲ್ಲಿದ್ದುದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ, ಈತನು ಸಿಂಹಳದ ಅರಸನಿರಬೇಕೆಂದು ಆತನು ಮೊದಲು ಊಹಿಸಿದನು, ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ಈತನೇ ಅಶೋಕನೆಂದು ತೋರಿಸಿದನು, ಮಸ್ಕಿಯ ಬಂಡೆಯಲ್ಲಿ ಬಿರುದಿನ ಜತೆಗೆ ಅಶೋಕನೆಂಬ ಹೆಸರೂ ದೊರೆತುದರಿಂದ ಆ ನಿರ್ಣಯವು ದೃಢವಾಯಿತು. ಇಲ್ಲಿ ಸಂಗತಿ, ಆಧಾರ, ತರ್ಕ ಮೂರೂ ಕೂಡಿವೆ. ಉತ್ತಮ ಅಂಕವು ಸಲ್ಲುವುದು ಈಕೆಗೆ.

ಈ ಶಕ್ತಿಯು ನಕಲಿನಿಂದ ಬರಲಾರದು. ಗೆಳೆಯನ ಬರಹವನ್ನೋ ಯಂತ್ರವೇ ಹೆಣೆದುಕೊಟ್ಟ ಉತ್ತರವನ್ನೋ ತನ್ನದೆಂದು ಒಪ್ಪಿಸುವುದು ಅಪ್ರಾಮಾಣಿಕತೆ. ಸಿಕ್ಕಿಬಿದ್ದರೆ ಆ ಅಂಕವೂ ಹೋಗುವುದು. ಸಿಕ್ಕದಿದ್ದರೂ ಲಾಭವಿಲ್ಲ, ಏಕೆಂದರೆ 70 ಪಾಲಿನ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಒಬ್ಬಂಟಿಗನಾಗಿ ಕೂರಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಇನ್ನೊಂದು ಅಳುಕುಂಟು. ಇಂತಹ ಪಾಠಗಳಲ್ಲಿ ಅನೇಕವು ಇಂಗ್ಲಿಷಿನಲ್ಲಿವೆ. ಇದಕ್ಕಾಗಿ ಹಿಂಜರಿಯಬೇಕಾಗಿಲ್ಲ. ಪಾಠ ಕೇಳಿದೊಡನೆ ಅದರ ಸಾರವನ್ನು ಹತ್ತು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದಿಡಿರಿ. ಹೊಸ ಪದಗಳನ್ನು ಅರ್ಥಸಹಿತ ಒಂದು ನೋಟುಪುಸ್ತಕದಲ್ಲಿ ಕೂಡಿಸಿರಿ. ತಾಯ್ನುಡಿಯಲ್ಲಿ ಅರ್ಥವಾದುದನ್ನು ಅಭ್ಯಾಸಬಲದಿಂದ ಬೇರೆ ಭಾಷೆಯಲ್ಲಿಯೂ ಬರೆಯಬಹುದು. ಅರ್ಥವೇ ಆಗದುದನ್ನು ಯಾವ ಭಾಷೆಯಲ್ಲಿಯೂ ಬರೆಯಲಾಗದು.

ತಾಯ್ತಂದೆಗಳಲ್ಲಿ ನಮ್ಮ ವಿನಂತಿ ಇಷ್ಟೆ. ದಿನಕ್ಕೆ ಒಂದು ಗಂಟೆ ಆ ಮಗುವಿಗೆ ಬೇರೆ ಕೆಲಸ ಹೇಳಬೇಡಿರಿ. ಮಗಳ ಗಂಟೆಯೂ ಮಗನ ಗಂಟೆಯಷ್ಟೇ ಬೆಲೆಯುಳ್ಳದ್ದೆಂದು ತಿಳಿಯಿರಿ. ಮನೆಬರಹದ ಕಡೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಸಿರಿ. “ಎಷ್ಟು ಅಂಕ ಬಂತು?” ಎಂದು ವರ್ಷಕ್ಕೊಮ್ಮೆ ಕೇಳುವುದಕ್ಕಿಂತ, “ಈ ವಾರ ಏನು ಬರೆದೆ? ಓದಿ ಹೇಳು” ಎಂದು ವಾರಕ್ಕೊಮ್ಮೆ ಕೇಳಿರಿ. ಕಾಲೇಜಿನ ಗಂಟೆ ಬಾರಿಸುವವರಿಲ್ಲದ ಈ ವ್ಯಾಸಂಗದಲ್ಲಿ ಮನೆಯವರ ಆ ಒಂದು ಪ್ರಶ್ನೆಯೇ ಗಂಟೆಯಾಗುವುದು.