ಒಂದೇ ಕೀ, ನಾಲ್ಕು ಜೇಬು

ಡೆಮೊದ ಹಿಂದಿನ ರಾತ್ರಿ 11 ಗಂಟೆಗೆ ನಮ್ಮ ಮಿನಿ ಪ್ರಾಜೆಕ್ಟ್ ಮಾಯವಾಗಿತ್ತು. ನಾಲ್ವರು ಸೇರಿ 3 ಹಳೇ ಕಂಪ್ಯೂಟರ್ ಜೋಡಿಸಿ ಕಟ್ಟಿದ ಕುಬರ್ನೆಟೀಸ್ ಕ್ಲಸ್ಟರ್ ಅದು. ಕಂಟೇನರ್ ಅಂದರೆ ಒಂದು ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೆ ಕಟ್ಟಿದ ಬುತ್ತಿ. ಯಾವ ಬುತ್ತಿ ಯಾವ ಕಂಪ್ಯೂಟರ್‌ಗೆ ಹೋಗಬೇಕೆಂದು ನೋಡಿಕೊಳ್ಳುವ ಮೇಸ್ತ್ರಿ ಕುಬರ್ನೆಟೀಸ್. ಅದರಲ್ಲಿ ನಮ್ಮ ಆ್ಯಪ್ ಇದ್ದ ನೇಮ್‌ಸ್ಪೇಸನ್ನೇ, ಅಂದರೆ ನಮ್ಮ ಪಾಲಿನ ಜಾಗವನ್ನೇ ಯಾರೋ ಅಳಿಸಿದ್ದರು.

ಆಡಿಟ್ ಲಾಗ್ ತೆರೆದೆವು. ಅಳಿಸಿದವರ ಹೆಸರು 'ಕುಬರ್ನೆಟೀಸ್-ಅಡ್ಮಿನ್'. ಅದು ನಾವು ನಾಲ್ವರೂ ಹೌದು! ಕ್ಲಸ್ಟರ್ ಕಟ್ಟಿದ ದಿನ ಸಿಕ್ಕ ಅಡ್ಮಿನ್ ಫೈಲನ್ನು ನಾನೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದೆ. ಅನುಮಾನ ಮಾತ್ರ ಹೊಸದಾಗಿ ಕಮಾಂಡ್ ಕಲಿಯುತ್ತಿದ್ದ ಗೆಳತಿಯ ಮೇಲೆ ಬಿತ್ತು. 'ನಾನಲ್ಲ ಕಣ್ರೋ' ಅಂದಳು. ಯಾರೂ ನಂಬಲಿಲ್ಲ. ಬೆಳಗಿನ ಜಾವದವರೆಗೆ ಕೂತು ಎಲ್ಲವನ್ನೂ ಮತ್ತೆ ಏರಿಸಿದೆವು.

ಎರಡು ದಿನದ ಮೇಲೆ ನನ್ನ ಲ್ಯಾಪ್‌ಟಾಪ್‌ನ ಹಳೇ ಕಮಾಂಡ್‌ಗಳನ್ನು ನೋಡುವಾಗ ಕೈ ನಡುಗಿತು. ಟೆಸ್ಟ್ ಜಾಗವೆಂದುಕೊಂಡು ಅಸಲಿ ಜಾಗ ಅಳಿಸಿದವನು ನಾನೇ.

ಅವಳ ಕ್ಷಮೆ ಕೇಳಿದೆ. ಆಮೇಲೆ ಓದಲು ಕೂತಾಗ ಗೊತ್ತಾಯಿತು, ಬಳಕೆದಾರರ ಪಟ್ಟಿಯನ್ನು ಕುಬರ್ನೆಟೀಸ್ ತಾನು ಇಟ್ಟುಕೊಳ್ಳುವುದೇ ಇಲ್ಲ. ನೀವು ಯಾರೆಂದು ಹೊರಗಿನ ಯಾರಾದರೂ ದೃಢೀಕರಿಸಬೇಕು. ಆ ಕೆಲಸಕ್ಕೆ ನಾವು ಆರಿಸಿಕೊಂಡದ್ದು ಕೀಕ್ಲೋಕ್ ಎಂಬ ಉಚಿತ, ಮುಕ್ತ ತಂತ್ರಾಂಶ.

ಇದು ನಮ್ಮ ಸ್ಟೂಡೆಂಟ್ ಬಸ್ ಪಾಸಿನ ಲೆಕ್ಕವೇ. ಪಾಸ್ ಕೊಡುವುದು ಕೌಂಟರ್. ಕಂಡಕ್ಟರ್ ನೋಡುವುದು ಸೀಲ್ ಮತ್ತು ದಿನಾಂಕ ಮಾತ್ರ, ಪ್ರತಿ ಸಲ ಡಿಪೋಗೆ ಫೋನ್ ಮಾಡುವುದಿಲ್ಲ. ಹಾಗೆಯೇ ಕೀಕ್ಲೋಕ್‌ನಲ್ಲಿ ಲಾಗಿನ್ ಆದರೆ ಡಿಜಿಟಲ್ ಸಹಿ ಇರುವ ಟೋಕನ್ ಸಿಗುತ್ತದೆ. ಅದರಲ್ಲಿ ನಮ್ಮ ಹೆಸರು, ಗುಂಪು, ಅವಧಿ ಮುಗಿಯುವ ಸಮಯ ಇರುತ್ತದೆ. ಕುಬರ್ನೆಟೀಸ್ ಸಹಿ ಅಸಲಿಯೇ ಎಂದು ನೋಡಿ ಒಳಗೆ ಬಿಡುತ್ತದೆ. ಒಳಗೆ ಹೋದ ಮೇಲೆ ಏನೇನು ಮಾಡಬಹುದು ಎಂಬುದು ಬೇರೆ ವಿಷಯ. ಅದನ್ನು ಆರ್‌ಬಿಎಸಿ ಎಂಬ ನಿಯಮಗಳಲ್ಲಿ ನಾವೇ ಬರೆಯಬೇಕು.

ಟೋಕನ್ ಕದ್ದರೂ ಅವಧಿ ಮುಗಿಯುವವರೆಗೆ ನಡೆಯುತ್ತದೆ ನಿಜ. ಆದರೆ ನಮ್ಮ ಟೋಕನ್‌ನ ಆಯಸ್ಸು 5 ನಿಮಿಷ. ಹಳೇ ಅಡ್ಮಿನ್ ಫೈಲಿನ ಪ್ರಮಾಣಪತ್ರದ್ದು ಇಡೀ ಒಂದು ವರ್ಷ! ಅದನ್ನು ನಡುವೆ ರದ್ದು ಮಾಡುವ ವ್ಯವಸ್ಥೆಯೂ ಕುಬರ್ನೆಟೀಸ್‌ನಲ್ಲಿಲ್ಲ. ಗ್ರೂಪಿನಿಂದ ಫೈಲ್ ಡಿಲೀಟ್ ಮಾಡಿದರೆ ಸಾಲದು ಎಂದು ಇಡೀ ಕ್ಲಸ್ಟರನ್ನೇ ಹೊಸದಾಗಿ ಕಟ್ಟಿದೆವು.

ಈಗ ಲಾಗ್‌ನಲ್ಲಿ ನಾಲ್ಕು ಹೆಸರುಗಳಿವೆ. ತಪ್ಪು ಯಾರದೆಂದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರದಲ್ಲ ಎಂದೂ ತಿಳಿಯುತ್ತದೆ. ಅಂದಹಾಗೆ, ನೇಮ್‌ಸ್ಪೇಸ್ ಅಳಿಸುವ ಅಧಿಕಾರ ಈಗ ನನಗಿಲ್ಲ. ಅದು ಇರುವುದು ಅವಳೊಬ್ಬಳಿಗೇ.