ಹಾಲುಗಿಡಗಳ ಕುಲ

ಬಾಲ್ಯದಲ್ಲಿ ಕಂಪ್ಲಿಯ ಹೊಲದ ಬದುವಿನಲ್ಲಿ ಎಕ್ಕದ ಎಲೆ ಮುರಿದಾಗ ಹಾಲು ಕಣ್ಣಿಗೆ ಸಿಡಿದು, ಕೆಲವು ದಿನ ನಾನು ಕತ್ತಲ ಕೋಣೆಯಲ್ಲಿ ಕಳೆಯಬೇಕಾಯಿತು. ಮುಂದೆ ಹಂಪಿಯ ಗುಡಿಯಂಗಳದಲ್ಲಿ ದೇವಕಣಗಿಲೆಯ ಕೊಂಬೆಯಿಂದಲೂ ಅಂತಹುದೇ ಹಾಲು ಒಸರುವುದನ್ನು ಕಂಡು ಹಿಂಜರಿದೆ. ಆ ಅಂಜಿಕೆಗೆ ಆಧಾರವಿದೆಯೆಂದು ತಿಳಿದುದು ಬಹುಕಾಲದ ಮೇಲೆ.

ಹೂಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸುವಾಗ ಸಸ್ಯಶಾಸ್ತ್ರಜ್ಞರು ಮುಖ್ಯವಾಗಿ ಹೂವಿನ ರಚನೆಯನ್ನು ನೋಡುತ್ತಿದ್ದರು. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಮೇಣದಂತಹ ಗಂಟಾಗಿ ಕೀಟದ ಕಾಲಿಗೆ ಅಂಟಿ ಹೋಗುತ್ತದೆ. ಈ ವೈಶಿಷ್ಟ್ಯವನ್ನು ಹಿಡಿದು 1810ರಲ್ಲಿ ರಾಬರ್ಟ್ ಬ್ರೌನರು ಎಕ್ಕದ ಬಳಗವನ್ನು ಕಣಗಿಲೆಯ ಕುಟುಂಬದಿಂದ ಬೇರ್ಪಡಿಸಿದರು. 1998ರ ವರ್ಗೀಕರಣವು ವಂಶವಾಹಿಗಳ ಹೋಲಿಕೆಯನ್ನು ಆಧರಿಸಿ ಅವೆರಡನ್ನೂ ಮತ್ತೆ ಕೂಡಿಸಿತು. ಎಕ್ಕದ ಬಳಗವು ಅದೇ ವಂಶದೊಳಗಿನ ಒಂದು ಕವಲೆಂದು ತಿಳಿದುಬಂದಿತು.

ಹೆಸರಿನ ನಂಟನ್ನು ಮಾತ್ರ ನಂಬಲಾಗದು. ದೇವಕಣಗಿಲೆಯನ್ನು ಕಾಡುಸಂಪಿಗೆಯೆಂದೂ ಕರೆಯುವುದುಂಟು. ಆದರೆ ಸಂಪಿಗೆಯ ಕುಟುಂಬವೇ ಬೇರೆ. ಹೊಸಪೇಟೆಯ ಹಿತ್ತಿಲ ಕಣಗಿಲೆ, ಸಂಡೂರಿನ ದಾರಿಬದಿಯ ಎಕ್ಕ ಒಂದೇ ಮನೆತನದವು, ಎರಡೂ ವಿಷಯುಕ್ತ. ಅದೇ ಮನೆತನದ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಮದ್ದು ದೊರೆತಿದೆ. ಮೊಮ್ಮಕ್ಕಳಿಗೆ ನಾನೀಗ ಹೇಳುವುದಿಷ್ಟೆ: ಹಾಲು ತಾಗಿದರೆ ಮೊದಲು ಕೈ ತೊಳೆಯಿರಿ, ಬಳಿಕ ಗಿಡದ ಕುಲ ಕೇಳಿರಿ.