ಚಂದ್ರಗಿರಿಯ ಅಳಿವೆಯಲ್ಲಿ ಅಷ್ಟಮಿಯ ಗಾಳ

ನಮ್ಮ ಜಿಲ್ಲೆಯ ಹೊಳೆಗಳೆಲ್ಲ ಗಿಡ್ಡ ಜಾತಿಯವು. ಮಂಜೇಶ್ವರ ಹೊಳೆ ಹುಟ್ಟಿ 16 ಕಿಲೋಮೀಟರ್ ನಡೆಯುವಷ್ಟರಲ್ಲಿ ಸಮುದ್ರ ಬಂದುಬಿಡುತ್ತದೆ. ಮೊಗ್ರಾಲು ಹೊಳೆಗೆ 34, ಉಪ್ಪಳ ಹೊಳೆಗೆ 50, ಶಿರಿಯಾ ಹೊಳೆಗೆ 67 ಕಿಲೋಮೀಟರ್. ಇವರಲ್ಲಿ ಹಿರಿಯಕ್ಕನೆಂದರೆ ಕೊಡಗಿನ ಬೆಟ್ಟದಿಂದ ಇಳಿದು ಬರುವ ಚಂದ್ರಗಿರಿ. ಅವಳ ಉದ್ದವೂ 105 ಕಿಲೋಮೀಟರ್ ಅಷ್ಟೆ. ಬೆಳಗ್ಗೆ ಸುಳ್ಯದಲ್ಲಿ ಪಯಸ್ವಿನಿಯನ್ನು ನೋಡಿ ಬಸ್ಸು ಹತ್ತಿದವನು ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ನೀರು ಕಡಲು ಸೇರುವುದನ್ನೂ ನೋಡಬಹುದು. ಆದ್ದರಿಂದ ಹೊಳೆ ಸಮುದ್ರವನ್ನು ಸೇರುತ್ತದೆ ಎಂಬುದು ನಮಗೆ ಒಂದು ಸುದ್ದಿಯೇ ಅಲ್ಲ.

ಅದನ್ನು ಸುದ್ದಿಯೆಂದು ನೋಡುವ ಕಣ್ಣುಗಳೂ ಇವೆ ಎಂಬುದನ್ನು ನನಗೆ ತೋರಿಸಿದವನು ಇಟಿಕ್ಯಾಲದ ನನ್ನ ಸ್ನೇಹಿತ.

ಇಟಿಕ್ಯಾಲ ಎಲ್ಲಿದೆ ಎಂದು ಓದುಗರು ಕೇಳಿಯಾರು. ರಾಯಚೂರಿನಿಂದ ಪೂರ್ವಕ್ಕೆ, ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಸಿಕ್ಕಿಕೊಂಡ ಒಂದು ಸೀಮೆಯಿದೆ. ಅಲ್ಲಿಯವರು ಅದನ್ನು ನಡಿಗಡ್ಡ ಎನ್ನುತ್ತಾರೆ. ಗದ್ವಾಲ, ಆಲಂಪುರಗಳು ಅಲ್ಲಿನ ಹೆಸರಾಂತ ಊರುಗಳು. ಇಟಿಕ್ಯಾಲವೂ ಆ ಸೀಮೆಯದೇ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅದು ತೆಲಂಗಾಣ. ರಾಯಚೂರಿನಲ್ಲಿ ನಾನು ನೌಕರಿಯಲ್ಲಿದ್ದಾಗ ನಮ್ಮಿಬ್ಬರನ್ನು ಹತ್ತಿರ ತಂದದ್ದು ಗಡಿಯವರೆಂಬ ಈ ನಂಟು, ಮತ್ತು ಗಾಳದ ಹುಚ್ಚು. ಅವನ ಮನೆಯ ಹಿರಿಯರದು ಕನ್ನಡ, ಬೀದಿಯದು ತೆಲುಗು. ಅವನ ಮಾತಿನಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಬಡಿಸಿದ ಹಾಗೆ ಬರುತ್ತವೆ.

ಅವನು ಕೃಷ್ಣೆಯ ದಂಡೆಯಲ್ಲೇ ಬೆಳೆದವನು. ಆದರೆ ಕೃಷ್ಣೆ ಸಮುದ್ರ ಸೇರುವುದನ್ನು ಕಂಡವನಲ್ಲ. ಕಾಣುವುದು ಸುಲಭವೂ ಅಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುವ ಆ ನದಿಯ ದಾರಿ ಸುಮಾರು 1400 ಕಿಲೋಮೀಟರ್. ಅವನ ಊರಿನಿಂದ ಕೆಳಗೆಯೇ ಶ್ರೀಶೈಲ, ನಾಗಾರ್ಜುನ ಸಾಗರ, ಪುಲಿಚಿಂತಲ, ಬೆಜವಾಡದ ಪ್ರಕಾಶಂ ಬ್ಯಾರೇಜು - ಇಷ್ಟು ಕಟ್ಟೆಗಳನ್ನು ನೀರು ದಾಟಬೇಕು. 2001ರಿಂದ 2004ರವರೆಗಿನ ಬರಗಾಲದಲ್ಲಿ ಕೃಷ್ಣೆಯ ನೀರು ಸಮುದ್ರವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ನದಿ ಎಂದರೆ ಮೇಲಿನವರು ಬಿಟ್ಟರೆ ಬರುವುದು, ಇಲ್ಲವಾದರೆ ನಿಲ್ಲುವುದು ಎಂದೇ ಅವನ ತಿಳಿವಳಿಕೆ.

ಕಳೆದ ಧನುರ್ಮಾಸದಲ್ಲಿ ಅವನು ನಮ್ಮಲ್ಲಿಗೆ ಬಂದ. ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಹೆಗಲಲ್ಲಿ ಮಗ ಹೈದರಾಬಾದಿನಿಂದ ತಂದುಕೊಟ್ಟ ಹೊಸ ಗಾಳದ ಕೋಲು ಮತ್ತು ಒಂದು ಡಬ್ಬಿ ತುಂಬ ಬಣ್ಣಬಣ್ಣದ ಹುಸಿ ಮೀನುಗಳು. ಮರುದಿನವೇ ಚಂದ್ರಗಿರಿಗೆ ಹೊರಟೆವು.

ಹುಸಿ ಮೀನಿನ ಹಿಕಮತ್ತು

ನಮ್ಮ ಕಡೆ ಗಾಳವೆಂದರೆ ಎರೆಹುಳ, ಸಿಗಡಿ, ಇಲ್ಲವೆ ಮೀನಿನ ತುಂಡು. ಈಗ ಪಡ್ಡೆ ಹುಡುಗರು ಲ್ಯೂರ್ ಎಂದು ಹಿಡಿದು ತಿರುಗುವುದು ಬೇರೆಯೇ ವಿದ್ಯೆ. ಇಲ್ಲಿ ತಿನ್ನುವ ವಸ್ತುವೇ ಇಲ್ಲ. ಮರ ಅಥವಾ ಪ್ಲಾಸ್ಟಿಕಿನ ಒಂದು ಮೀನು. ಅದರ ಗದ್ದದ ಕೆಳಗೆ ನಾಲಿಗೆಯಂಥ ಒಂದು ತಗಡು. ಎಸೆದು ಸುತ್ತಿ ಎಳೆದಾಗ ಆ ನಾಲಿಗೆ ನೀರನ್ನು ತಳ್ಳುತ್ತದೆ. ಮೀನು ಮುಳುಗಿ ಅತ್ತಿತ್ತ ಓಲಾಡುತ್ತದೆ. ಈ ಓಲಾಟದ ಕಂಪನವನ್ನು ಬೇಟೆಯ ಮೀನು ತನ್ನ ಪಕ್ಕೆಯ ಉದ್ದಕ್ಕೂ ಇರುವ ಪಾರ್ಶ್ವರೇಖೆಯಿಂದ ಗ್ರಹಿಸುತ್ತದೆ; ಕಲಕು ನೀರಿನಲ್ಲೂ ಗ್ರಹಿಸುತ್ತದೆ.

ಫಿನ್ಲೆಂಡಿನ ಲೌರಿ ರಪಾಲ ಎಂಬ ಬೆಸ್ತ 1936ರಲ್ಲಿ ಬೆಂಡಿನಿಂದ ಇಂಥದೊಂದನ್ನು ಕೆತ್ತಿದ. ಅದಕ್ಕೆ ಚಾಕೊಲೇಟಿನ ಹೊಳೆಯುವ ಕಾಗದ ಸುತ್ತಿ, ಫೋಟೋದ ಹಳೆಯ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಲೇಪಿಸಿದ. ದೊಡ್ಡ ಮೀನು ಹಿಂಡಿನಲ್ಲಿ ಗಾಯಗೊಂಡು ಓಲಾಡುವುದನ್ನೇ ಆರಿಸಿ ನುಂಗುತ್ತದೆ ಎಂಬುದನ್ನು ಅವನು ದೋಣಿಯಲ್ಲಿ ಕುಳಿತು ನೋಡಿ ತಿಳಿದಿದ್ದ. ಹುಸಿ ಮೀನು ನಟಿಸಬೇಕಾದದ್ದು ಆ ನಿತ್ರಾಣವನ್ನೇ. ಅವನ ಹೆಸರಿನ ಕಂಪೆನಿ ಇಂದು ಜಗತ್ತಿನಾದ್ಯಂತ ಪ್ರಸಿದ್ಧ.

ಚಂದ್ರಗಿರಿಯ ಅಳಿವೆಯಲ್ಲಿ ಇದಕ್ಕೆ ಮರುಳಾಗುವ ಮೀನುಗಳಲ್ಲಿ ಎರಡು ಮುಖ್ಯ. ಮಲಯಾಳದಲ್ಲಿ ಕಾಳಾಂಜಿ ಎನ್ನುವುದು ಒಂದು, ಚೆಂಬಲ್ಲಿ ಎನ್ನುವುದು ಇನ್ನೊಂದು. ನಮ್ಮವರ ಕೆಂಬೇರಿ ಈ ಎರಡನೆಯದು. 2010ರಲ್ಲಿ ಕೇರಳದ ರಾಜ್ಯಮೀನೆಂಬ ಪಟ್ಟ ಪಡೆದ ಕರಿಮೀನು ಮಾತ್ರ ಈ ಆಟಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಅದರ ಊಟ ಹೆಚ್ಚಾಗಿ ಪಾಚಿ. ಸಸ್ಯಾಹಾರಿಗೆ ಕೋಳಿ ತೋರಿಸಿ ಏನು ಪ್ರಯೋಜನ?

ನೀರಿಗೆ ಓಟವಿಲ್ಲದ ದಿನ

ಸೇತುವೆಯಿಂದ ಕೆಳಗೆ, ಕಾಂಡ್ಲಾ ಗಿಡಗಳ ಸೆರಗಿನಲ್ಲಿ ಮುರಕಲ್ಲಿನ ಮೇಲೆ ನಿಂತೆವು. ಎದುರು ದಂಡೆಯ ಎತ್ತರದಲ್ಲಿ ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಸ್ನೇಹಿತ ಎಸೆದ, ಸುತ್ತಿದ. ಎಸೆದ, ಸುತ್ತಿದ. ಒಂದು ಗಂಟೆಯಾಯಿತು, ಎರಡಾಯಿತು. ಬೆಳ್ಳಿ ಬಣ್ಣದ್ದನ್ನು ತೆಗೆದು ಹಸಿರು ಕಟ್ಟಿದ, ಹಸಿರನ್ನು ತೆಗೆದು ಕೆಂಪು ಕಟ್ಟಿದ. ಒಂದು ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡಿತು. ನಾನು ಮೊಣಕಾಲು ನೀರಿಗಿಳಿದು ಬಿಡಿಸಿ ಕೊಟ್ಟೆ. ಮೀನಿನ ಸುಳಿವಿಲ್ಲ.

ನಮ್ಮಿಂದ ನಲವತ್ತು ಮಾರು ಆಚೆ ಒಬ್ಬ ಬೀಸುಬಲೆಯವನು ಒಂದೆರಡು ಸಲ ಬಲೆ ಬೀಸಿ, ಬಂದಷ್ಟನ್ನು ಬುಟ್ಟಿಗೆ ಹಾಕಿ ಕುಳಿತಿದ್ದ. ನಮ್ಮ ಕಸರತ್ತನ್ನು ಬಹಳ ಹೊತ್ತು ನೋಡಿದ ಮೇಲೆ ಹೇಳಿದ: "ಇನ್ನ್ ವೆಳ್ಳತ್ತಿನ್ ಓಟ್ಟಂ ಇಲ್ಲ." ಇವತ್ತು ನೀರಿಗೆ ಓಟವಿಲ್ಲ. ಸ್ನೇಹಿತನಿಗೆ ಕನ್ನಡದಲ್ಲಿ ತಿಳಿಸಿದೆ. ಅವನು ತನಗೆ ತಾನೇ ತೆಲುಗಿನಲ್ಲಿ ಏನೋ ಹೇಳಿಕೊಂಡ.

ಬಲೆಯವನ ಮಾತು ನೂರಕ್ಕೆ ನೂರು ಸರಿ. ಅಂದು ಅಷ್ಟಮಿ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ ಚಂದ್ರರಿಬ್ಬರೂ ಒಂದೇ ಗೆರೆಯಲ್ಲಿ ನಿಂತು ಕಡಲನ್ನು ಎಳೆಯುತ್ತಾರೆ. ಆಗ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಸುಮಾರಿಗೆ ಇಬ್ಬರೂ ಲಂಬಕೋನದಲ್ಲಿರುತ್ತಾರೆ. ಒಬ್ಬನ ಎಳೆತವನ್ನು ಇನ್ನೊಬ್ಬ ಕಡಿಮೆ ಮಾಡುತ್ತಾನೆ, ನೀರು ಸೋಮಾರಿಯಾಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನವೂ ಅವು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡ. ಕಾಳಾಂಜಿಯಾಗಲಿ ಕೆಂಬೇರಿಯಾಗಲಿ ಓಡಾಡಿ ಹುಡುಕುವುದಕ್ಕಿಂತ ಕಲ್ಲಿನ ಮರೆಯಲ್ಲಿ, ಕಂಬದ ನೆರಳಲ್ಲಿ ಹೊಂಚಿ ನಿಲ್ಲುವುದೇ ಹೆಚ್ಚು. ಓಡುವ ನೀರು ಸಣ್ಣ ಮೀನನ್ನು, ಸಿಗಡಿಯನ್ನು ಅವುಗಳ ಬಾಯಿಯ ಮುಂದೆ ತಂದು ಹಾಕುತ್ತದೆ. ನೀರು ನಿಂತರೆ ಅನ್ನಛತ್ರದ ಬಾಗಿಲು ಮುಚ್ಚಿದ ಹಾಗೆ, ಅತಿಥಿಗಳು ಮಲಗುತ್ತಾರೆ.

ನಾವೂ ನೆರಳಿಗೆ ಹೋಗಿ ಗಂಟು ಬಿಚ್ಚಿದೆವು. ಬಲೆಯವನನ್ನೂ ಕರೆದೆವು. ಜೋಳದ ರೊಟ್ಟಿಯನ್ನು ಅವನು ಮೊದಲು ಹಪ್ಪಳವೆಂದು ಭಾವಿಸಿ ಮುರಿದ. ಆಮೇಲೆ ಶೇಂಗಾ ಚಟ್ನಿಯ ಜೊತೆ ಎರಡು ತಿಂದ.

ಹಿಂದಕ್ಕೆ ಹರಿಯುವ ಹೊಳೆ

ಮಧ್ಯಾಹ್ನ ಜಾರಿದ ಮೇಲೆ ಸ್ನೇಹಿತ ಒಮ್ಮೆಲೇ ಎದ್ದು ನಿಂತ. "ಏನ್ ಮಾರಾಯ, ನಿಮ್ಮ ಹೊಳಿ ಹಿಂದಕ್ಕ ಹರಿಯಾಕತ್ತೈತಿ!" ಎಂದ. ನೋಡಿದರೆ ಒಂದು ತೆಂಗಿನ ಗರಿ ಕಡಲ ಕಡೆಯಿಂದ ಮೆಲ್ಲಗೆ ಮೇಲಕ್ಕೆ, ಬೆಟ್ಟದ ಕಡೆಗೆ ತೇಲಿಹೋಗುತ್ತಿತ್ತು. ಭರತ ಆರಂಭವಾಗಿತ್ತು. ನಾನು ಹುಟ್ಟಿದಂದಿನಿಂದ ನೋಡಿದ ದೃಶ್ಯ ಅದು. ಅವನು ದಡಕ್ಕಿಳಿದು ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿದ. ಉಪ್ಪು. ಯಾವ ಕಟ್ಟೆಯ ಬಾಗಿಲನ್ನೂ ಯಾರೂ ತೆರೆಯದೆ ನದಿಗೆ ನೀರು ಬರುತ್ತದೆ, ಅದೂ ಕೆಳಗಿನಿಂದ ಬರುತ್ತದೆ ಎಂಬುದನ್ನು ಅವನಿಗೆ ನಂಬಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಆ ಸಣ್ಣ ಓಟದಲ್ಲೇ ಅವನ ಕೋಲು ಬಾಗಿತು. ಬಂದದ್ದು ಒಂದು ಕಾಳಾಂಜಿ. ಬೆಳ್ಳಿಯ ಮೈ, ಗೂನು ಬೆನ್ನು. ಉದ್ದ ಒಂದು ಗೇಣಿನ ಮೇಲೆ ನಾಲ್ಕು ಬೆರಳು. ಇಡೀ ದಿನಕ್ಕೆ ಸಿಕ್ಕಿದ ಒಂದೇ ಮೀನು, ಅವನ ಜೀವಮಾನದ ಮೊದಲ ಉಪ್ಪುನೀರಿನ ಮೀನು. ಮರುದಿನ ಬೆಳಗ್ಗೆ ಅವನು ಊರಿಗೆ ಹೊರಡುವವನು. ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ ಎಂಬುದು ಅವನಿಗೂ ಗೊತ್ತು.

"ಇದು ಮರಿ ಏನು?" ಎಂದು ಕೇಳಿದ. ಇರುವ ವಿಷಯ ಹೇಳಿದೆ. ಕಾಳಾಂಜಿ ಮೊದಲು ಗಂಡಾಗಿ ಬಾಳಿ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಆಗ ಅಳಿವೆಯ ಬಾಯಿಯ ಉಪ್ಪುನೀರಿನಲ್ಲಿ ಲಕ್ಷ ಲಕ್ಷ ಮೊಟ್ಟೆಯಿಡುತ್ತದೆ. ಮರಿಗಳು ಕಾಂಡ್ಲಾ ಬೇರುಗಳ ಸಂದಿಗೆ, ಅಲ್ಲಿಂದ ಸಿಹಿನೀರಿನ ಕಡೆಗೆ ಏರಿ ಬೆಳೆದು, ಮತ್ತೆ ಮೊಟ್ಟೆಯಿಡಲು ಕೆಳಗಿಳಿಯುತ್ತವೆ. ಈ ಗಾತ್ರದಲ್ಲಿ ಹಿಡಿದರೆ ಅದು ತಾಯಿಯಾಗುವ ಮಾತೇ ಇಲ್ಲ.

ಅವನು ಹೆಚ್ಚು ಯೋಚಿಸಲಿಲ್ಲ. ಅವನ ಊರಿನ ಕೆರೆ, ಮಡುಗಳಲ್ಲಿ ಕೊರಮೀನು ಇದೆ. ತೆಲಂಗಾಣದ ರಾಜ್ಯಮೀನು ಅದೇ. ಅದರ ಕೆಂಪು ಮರಿಗಳು ಗುಂಪಾಗಿ ಮೇಲೆ ತೇಲುವಾಗ ತಾಯಿ ತಂದೆ ಕೆಳಗೆ ಕಾವಲಿರುತ್ತವೆ. ಆಗ ಗಾಳ ಹಾಕಿದರೆ ಸಿಟ್ಟಿನಿಂದ ಬಂದು ಕಚ್ಚುತ್ತವೆ, ಹಿಡಿಯುವುದು ಬಲು ಸುಲಭ. "ಮರಿ ಕಾಯೋದಕ್ಕ ಗಾಳ ಹಾಕಬಾರ್ದು ಅಂತ ನಮ್ಮಪ್ಪ ಹೇಳ್ತಿದ್ದ. ಇದೂ ಹಂಗ ಅಲ್ಲೇನು?" ಎಂದ. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಮೀನಿನ ಮೂತಿಯನ್ನು ನೀರಿನ ಓಟಕ್ಕೆ ಎದುರಾಗಿ ಹಿಡಿದ. ಅದು ಎರಡು ಸಲ ಬಾಯಿ ತೆರೆದು ಮುಚ್ಚಿ, ಬಾಲ ಬಡಿದು ಹೋಯಿತು. ಬಲೆಯವನು ನಕ್ಕ. ಹೊರಡುವಾಗ ಅವನೇ ತನ್ನ ಬುಟ್ಟಿಯಿಂದ ಎರಡು ತಿರುತ ತೆಗೆದು ನಮ್ಮ ಚೀಲಕ್ಕೆ ಹಾಕಿದ, ಹಣ ತೆಗೆದುಕೊಳ್ಳಲಿಲ್ಲ.

ಉಪ್ಪಿನ ಎರಡು ಮುಖ

ಕಾಸರಗೋಡು ಪೇಟೆಯವರಿಗೆ ಈ ಉಪ್ಪು ನೀರಿನ ಮೇಲೆ ಹಳೆಯ ಸಿಟ್ಟಿದೆ. ಸಿಟ್ಟಿಗೆ ಕಾರಣವೂ ಇದೆ. ಪೇಟೆಗೆ ಕುಡಿಯುವ ನೀರು ಬರುವುದು ಬಾವಿಕ್ಕರೆಯಿಂದ. ವರ್ಷಗಟ್ಟಲೆ ಬೇಸಗೆಯಲ್ಲಿ ಹೊಳೆ ಬಡವಾದಾಗ ಕಡಲು ಅಲ್ಲಿಯವರೆಗೆ ಏರಿ ನಲ್ಲಿಯಲ್ಲಿ ಉಪ್ಪು ಬರುತ್ತಿತ್ತು. ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಕಟ್ಟೆ ಕಟ್ಟುವುದು, ಅದು ಒಡೆಯುವುದು, ಮತ್ತೆ ಕಟ್ಟುವುದು ನಡೆದೇ ಇತ್ತು. ಈಗ ಅಲ್ಲಿ ಕಾಯಂ ಕಟ್ಟೆ ಎದ್ದಿದೆ. ಕುಡಿಯುವ ನೀರಿನ ಮುಂದೆ ಬೇರೆ ವಾದವಿಲ್ಲ.

ಆದರೆ ಪೇಟೆಗೆ ಬೇಡವಾದ ಆ ಉಪ್ಪೇ ಅಳಿವೆಯ ಮೀನಿಗೆ ತೊಟ್ಟಿಲು. ಮೇಲಿನಿಂದ ಸಿಹಿ ಬರಬೇಕು, ಕೆಳಗಿನಿಂದ ಉಪ್ಪು ಬರಬೇಕು, ನಡುವೆ ಮರಿಗಳು ಅಡಗಲು ಕಾಂಡ್ಲಾ ಬೇರುಗಳಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಕಾಳಾಂಜಿ ಇಲ್ಲ. ಕಟ್ಟೆಯ ಬಾಗಿಲು ಮಳೆಗಾಲದಲ್ಲಿ ಧಾರಾಳವಾಗಿ ತೆರೆದಿರಬೇಕು ಎನ್ನುವುದು ಈ ಲೆಕ್ಕದಿಂದ. ಕಾಂಡ್ಲಾವನ್ನು ಕಾಡುಪೊದೆಯೆಂದು ಕಡಿದು ಮಣ್ಣು ತುಂಬುವವರು ನೆನಪಿಡಬೇಕಾದ ಒಬ್ಬರು ನಮ್ಮ ನೆರೆಯ ಕಣ್ಣೂರಿನಲ್ಲಿದ್ದರು. 2015ರಲ್ಲಿ ತೀರಿಕೊಂಡ ಕಲ್ಲೇನ್ ಪೊಕ್ಕುಡನ್ 1989ರಿಂದ ಹೊಳೆಯಂಚಿನಲ್ಲಿ ಒಂದೊಂದೇ ಕಾಂಡ್ಲಾ ಸಸಿ ನೆಡುತ್ತ ಬಂದವರು. ತೋಟೆ ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು ಕೇರಳದ 2010ರ ಒಳನಾಡು ಮೀನುಗಾರಿಕೆ ಕಾಯಿದೆಯೂ ನಿಷೇಧಿಸಿದೆ. ಮೀನಿನ ಮರಿಯನ್ನು ಹಿಂದಕ್ಕೆ ಬಿಡಲು ಮಾತ್ರ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ.

ಗಾಳ ಹಿಡಿದು ಹೋಗುವವರಿಗೆ ಎರಡು ಮಾತು. ಪಂಚಾಂಗದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದಿನ ನೋಡಿ, ಭರತ ಏರತೊಡಗಿದ ಮೊದಲ ಎರಡು ಗಂಟೆಗಳಲ್ಲಿ ಎಸೆಯಿರಿ. ಹರಿದ ನೈಲಾನ್ ದಾರವನ್ನು ಕಾಂಡ್ಲಾದಲ್ಲಿ ಬಿಟ್ಟು ಬರಬೇಡಿ. ಅದು ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಗಾಳದ ಗೋಜೇ ಬೇಡವೆನ್ನುವವರು ಚಂದ್ರಗಿರಿ ಸೇತುವೆಯ ಮೇಲೆ ಬಸ್ಸು ದಾಟುವಾಗ ಒಮ್ಮೆ ಕಿಟಕಿಯಿಂದ ಬಗ್ಗಿ, ನೀರು ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಿದರೂ ಸಾಕು. ಹೀಗೆ ನೋಡುವ ಭಾಗ್ಯ ನಡಿಗಡ್ಡದವರಿಗಿಲ್ಲ.